ಇಂಧನ ಮಾಪಕದ ಮುಳ್ಳು: ಸಂಶಯಕ್ಕೆ ಮುನ್ನ ಪರೀಕ್ಷೆ

ಸಣ್ಣ ಕೈಗಾರಿಕೆಯ ಖರ್ಚುಗಳಲ್ಲಿ ಪ್ರತಿಯೊಂದಕ್ಕೂ ಒಂದು ಅಳತೆ ಇರುತ್ತದೆ. ಕಚ್ಚಾ ಸಾಮಗ್ರಿಗೆ ತೂಕದ ಚೀಟಿ, ಕೂಲಿಗೆ ಹಾಜರಿ ಪುಸ್ತಕ, ವಿದ್ಯುತ್ತಿಗೆ ಮೀಟರು. ಆದರೆ ಸ್ವಂತ ವಾಹನದ ಡೀಸೆಲ್ ವಿಷಯಕ್ಕೆ ಬಂದಾಗ ಹಲವು ಮಾಲೀಕರು ನೆಚ್ಚಿಕೊಳ್ಳುವುದು ಮೀಟರ್ ಬೋರ್ಡಿನ ಮೇಲಿನ ಒಂದು ಮುಳ್ಳನ್ನು. ಅದು ಇಳಿದರೆ ಡೀಸೆಲ್ ಕಡಿಮೆಯಾಗಿದೆ ಎಂಬ ತೀರ್ಮಾನ; ಕಾರಣವಿಲ್ಲದೆ ಇಳಿದರೆ ಯಾರೋ ತೆಗೆದಿದ್ದಾರೆ ಎಂಬ ಅನುಮಾನ. ಮುಳ್ಳೇ ತಪ್ಪು ಹೇಳುತ್ತಿರಬಹುದು ಎಂಬ ಮೂರನೆಯ ಸಾಧ್ಯತೆ ಕೊನೆಗೆ ನೆನಪಾಗುತ್ತದೆ. ಅಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ.

ಹುಬ್ಬಳ್ಳಿಯ ಗೋಕುಲ ರಸ್ತೆ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದ ಪ್ರಸಂಗ ಇದಕ್ಕೆ ತಕ್ಕ ಉದಾಹರಣೆ. ಬೆಳಗಾವಿಗೂ ಗದಗಕ್ಕೂ ಮಾಲು ಸಾಗಿಸುವ ಒಂದೇ ಒಂದು ಗೂಡ್ಸ್ ವಾಹನ. ಒಂಬತ್ತು ವರ್ಷಗಳಿಂದ ಅದನ್ನು ನಡೆಸುತ್ತಿದ್ದ ಒಬ್ಬ ಚಾಲಕ. ಸಂಜೆ ಅರ್ಧ ಟ್ಯಾಂಕ್ ತೋರಿಸಿದ ಮುಳ್ಳು ಮರುದಿನ ಬೆಳಿಗ್ಗೆ ಕಾಲು ಭಾಗಕ್ಕಿಂತ ಕೆಳಗಿರುವುದನ್ನು ಮಾಲೀಕರು ಎರಡು ಮೂರು ಬಾರಿ ಗಮನಿಸಿದರು. ಚಾಲಕನನ್ನು ಕರೆದು ಕೇಳಿದರು. "ಮುಳ್ಳು ನೋಡಬ್ಯಾಡ್ರೀ ಸಾಹೇಬ್ರ, ಬಂಕಿನ ಚೀಟಿ ನೋಡ್ರೀ" ಎಂಬುದು ಆತನ ಉತ್ತರವಾಗಿತ್ತು. ಚೀಟಿಗಳನ್ನು ಯಾರೂ ನೋಡಲಿಲ್ಲ. ಎರಡು ತಿಂಗಳ ಸಂಬಳದಲ್ಲಿ ತಲಾ ಎರಡು ಸಾವಿರ ರೂಪಾಯಿ ಮುರಿದುಕೊಳ್ಳಲಾಯಿತು. ಚಾಲಕ ಕೆಲಸ ಬಿಟ್ಟ. ಹೊಸಬ ಬಂದ ಮೂರನೆಯ ವಾರದಲ್ಲಿ ಮುಳ್ಳು ಮತ್ತೆ ಅದೇ ಆಟ ಆಡಿತು. ಆಗ ವಾಹನವನ್ನು ಆಟೋ ಎಲೆಕ್ಟ್ರಿಷಿಯನ್ ಬಳಿಗೆ ಕಳುಹಿಸಲಾಯಿತು. ಟ್ಯಾಂಕಿನ ಬಳಿ ಚಾಸಿಗೆ ಸೇರುವ ಅರ್ಥಿಂಗ್ ತಂತಿಯ ಬೋಲ್ಟು ತುಕ್ಕು ಹಿಡಿದಿತ್ತು. ಅದನ್ನು ಉಜ್ಜಿ ಬಿಗಿಮಾಡಲು ತಗುಲಿದ್ದು ಅರ್ಧ ಗಂಟೆ, ಮುನ್ನೂರು ರೂಪಾಯಿ.

ವರ್ಷಾಂತ್ಯದಲ್ಲಿ ಲೆಕ್ಕಪತ್ರ ಹೊಂದಿಸುವಾಗ ಬಂಕಿನ ಬಿಲ್ಲುಗಳನ್ನು ವಾಹನ ಓಡಿದ ಕಿಲೋಮೀಟರುಗಳೊಡನೆ ತಾಳೆ ನೋಡಲಾಯಿತು. ಸಂಶಯಕ್ಕೆ ಮುಂಚಿನ ತಿಂಗಳುಗಳಲ್ಲೂ ಸಂಶಯದ ತಿಂಗಳುಗಳಲ್ಲೂ ಸರಾಸರಿ ಒಂದೇ ಆಗಿತ್ತು: ಲೀಟರಿಗೆ ಹೆಚ್ಚುಕಡಿಮೆ 12 ಕಿ.ಮೀ. ಅಂದರೆ ಡೀಸೆಲ್ ಕಳುವಾಗಿರಲೇ ಇಲ್ಲ. ಚಾಲಕ ಹೇಳಿದ ಸಾಕ್ಷ್ಯ ಮಾಲೀಕರ ಮೇಜಿನ ಸೆಳೆಖಾನೆಯಲ್ಲೇ ಇತ್ತು.

ಇಂಥ ಪ್ರಸಂಗಗಳು ಒಂದು ಊರಿಗೆ ಸೀಮಿತವಲ್ಲ. ಇಂಧನ ಮಾಪಕದ ದೋಷವನ್ನು ಕಂಡುಹಿಡಿಯುವ ಕೆಲಸವನ್ನು ಗ್ಯಾರೇಜಿಗೆ ಮಾತ್ರ ಬಿಟ್ಟುಕೊಡುವುದು ಸರಿಯಲ್ಲ. ಅದರ ಮೊದಲ ಅರ್ಧ ವ್ಯಾಪಾರಿಯ ಪುಸ್ತಕದಲ್ಲೇ ನಡೆಯಬೇಕು. ಪುಸ್ತಕ ಮತ್ತು ಮಲ್ಟಿಮೀಟರ್ ಎರಡೂ ಮಾತನಾಡುವವರೆಗೆ ಚಾಲಕನ ಮೇಲೆ ಆರೋಪ ಹೊರಿಸುವುದೂ ಬೇಡ, ದುಬಾರಿ ಬಿಡಿಭಾಗ ಬದಲಿಸುವುದೂ ಬೇಡ.

ಮುಳ್ಳಿನ ಹಿಂದೆ ಏನಿದೆ?

ಟ್ಯಾಂಕಿನೊಳಗೆ ಇಂಧನದ ಮೇಲೆ ತೇಲುವ ಒಂದು ಫ್ಲೋಟ್, ಅದಕ್ಕೆ ಜೋಡಿಸಿದ ಒಂದು ಕಡ್ಡಿ, ಆ ಕಡ್ಡಿಯ ತುದಿಯಲ್ಲಿ ವಿದ್ಯುತ್ ರೋಧದ ಪಟ್ಟಿಯ ಮೇಲೆ ಸರಿಯುವ ಒಂದು ಸಂಪರ್ಕ. ಇದೇ ಇಂಧನ ಮಟ್ಟದ ಸಂವೇದಕ. ಗ್ಯಾರೇಜುಗಳ ಭಾಷೆಯಲ್ಲಿ ಟ್ಯಾಂಕ್ ಯೂನಿಟ್. ಇಂಧನ ಏರಿಳಿದಂತೆ ರೋಧ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಮುಳ್ಳು ಸರಿಯುತ್ತದೆ. ಒಂದು ಬಗೆಯ ಯೂನಿಟ್ ಖಾಲಿ ಟ್ಯಾಂಕಿಗೆ ಸುಮಾರು 240 ಓಮ್, ತುಂಬಿದ ಟ್ಯಾಂಕಿಗೆ ಸುಮಾರು 33 ಓಮ್ ತೋರಿಸುತ್ತದೆ. ಇನ್ನೊಂದು ಬಗೆಯಲ್ಲಿ ಕ್ರಮ ತಿರುವುಮುರುವು: ಖಾಲಿಗೆ ಸುಮಾರು 10, ತುಂಬಿದ್ದಕ್ಕೆ ಸುಮಾರು 180.

ಅಂದರೆ ಮುಳ್ಳು ಡೀಸೆಲ್ಲನ್ನು ಅಳೆಯುವುದಿಲ್ಲ. ಒಂದು ವಿದ್ಯುತ್ ದಾರಿಯ ಒಟ್ಟು ರೋಧವನ್ನು ಅಳೆಯುತ್ತದೆ. ಆ ದಾರಿಯಲ್ಲಿ ಟ್ಯಾಂಕ್ ಯೂನಿಟ್ಟಿನ ಜೊತೆಗೆ ತಂತಿ, ಕನೆಕ್ಟರ್, ಅರ್ಥಿಂಗ್ ಬೋಲ್ಟು ಎಲ್ಲವೂ ಸೇರಿವೆ. ತುಕ್ಕು ಹಿಡಿದ ಬೋಲ್ಟು ನಲವತ್ತು ಓಮ್ ರೋಧವನ್ನು ತನ್ನದಾಗಿ ಸೇರಿಸಿದರೆ ಮೊದಲ ಬಗೆಯ ವಾಹನದಲ್ಲಿ ಮುಳ್ಳು ಕೆಳಗಿಳಿಯುತ್ತದೆ, ಎರಡನೆಯ ಬಗೆಯದರಲ್ಲಿ ಮೇಲೇರುತ್ತದೆ. ರಸ್ತೆಯ ಕುಲುಕಾಟಕ್ಕೆ ಆ ಸಂಪರ್ಕ ಒಮ್ಮೆ ಕೂಡಿ ಒಮ್ಮೆ ಬಿಡುವುದರಿಂದ ಸಂಜೆಗೊಂದು ಬೆಳಿಗ್ಗೆಗೊಂದು ಲೆಕ್ಕ ಕಾಣುತ್ತದೆ. ಹುಬ್ಬಳ್ಳಿಯ ಆ ವಾಹನದಲ್ಲಿ ಆಗಿದ್ದು ಇದೇ.

ಕೆಲವೊಮ್ಮೆ ತಪ್ಪು ಚಾಲಕನದೂ ಅಲ್ಲ, ವಾಹನದ್ದೂ ಅಲ್ಲ, ಇಂಧನದ್ದೇ ಆಗಿರುತ್ತದೆ. 2004ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ, ಲೂಸಿಯಾನಾ ಭಾಗಗಳಲ್ಲಿ ಗಂಧಕದ ಅಂಶ ಹೆಚ್ಚಾಗಿದ್ದ ಪೆಟ್ರೋಲ್ ಮಾರಾಟವಾಗಿ ಅನೇಕ ಕಾರುಗಳ ಇಂಧನ ಮಾಪಕಗಳು ಕೆಟ್ಟವು. ನೂರಾರು ಬಂಕುಗಳಲ್ಲಿ ಮಾರಾಟ ನಿಲ್ಲಿಸಬೇಕಾಯಿತು. ಟ್ಯಾಂಕ್ ಯೂನಿಟ್ಟಿನ ಸಂಪರ್ಕಗಳಲ್ಲಿ ಬೆಳ್ಳಿಯನ್ನು ಬಳಸುತ್ತಾರೆ. ಗಂಧಕ ತಗುಲಿದರೆ ಮನೆಯ ಬೆಳ್ಳಿ ಪಾತ್ರೆ ಕಪ್ಪಾಗುವಂತೆ ಅದೂ ಕಪ್ಪಾಗಿ ವಿದ್ಯುತ್ ಹರಿಯುವುದು ಕೆಡುತ್ತದೆ.

ಲಕ್ಷಣದಿಂದ ದೋಷದತ್ತ

ಮುಳ್ಳು ತಪ್ಪುವ ರೀತಿಯನ್ನು ಗಮನಿಸಿದರೆ ಅರ್ಧ ಪರೀಕ್ಷೆ ಮುಗಿದಂತೆ. ಇದಕ್ಕೆ ತಾಂತ್ರಿಕ ಶಿಕ್ಷಣ ಬೇಕಿಲ್ಲ. ಚಾಲಕ ಒಂದು ವಾರ ಚೀಟಿಯಲ್ಲಿ ಬರೆದಿಟ್ಟರೆ ಸಾಕು.

ಎಷ್ಟು ಇಂಧನ ಹಾಕಿದರೂ ಮುಳ್ಳು ಒಂದೇ ತುದಿಯಲ್ಲಿ ನಿಂತಿದ್ದರೆ ತಂತಿ ಕಡಿದಿರಬಹುದು, ಅಥವಾ ಬಾಡಿಗೆ ತಗುಲಿರಬಹುದು. ಸದಾ ಖಾಲಿ ತೋರಿಸುವುದಾದರೆ ಫ್ಲೋಟ್ ತೂತಾಗಿ ಮುಳುಗಿರುವ ಸಾಧ್ಯತೆಯೂ ಉಂಟು. ಪ್ರತಿ ಬಾರಿಯೂ ಒಂದೇ ಮಟ್ಟದಲ್ಲಿ, ಉದಾಹರಣೆಗೆ ಅರ್ಧ ಟ್ಯಾಂಕಿನ ಬಳಿ, ಮುಳ್ಳು ಹಾರಿದರೆ ರೋಧದ ಪಟ್ಟಿ ಆ ಭಾಗದಲ್ಲಿ ಸವೆದಿದೆ ಎಂದರ್ಥ. ಇಂಧನದ ಮುಳ್ಳಿನ ಜೊತೆಗೆ ಎಂಜಿನ್ ಬಿಸಿ ತೋರಿಸುವ ಮುಳ್ಳೂ ಅಡ್ಡಾದಿಡ್ಡಿ ಆಡುತ್ತಿದ್ದರೆ ದೋಷವನ್ನು ಟ್ಯಾಂಕಿನಲ್ಲಿ ಹುಡುಕುವುದು ವ್ಯರ್ಥ. ಮೀಟರ್ ಬೋರ್ಡಿಗೆ ಬರುವ ವಿದ್ಯುತ್ತನ್ನೇ ಮೊದಲು ನೋಡಬೇಕು.

ದೋಷವಲ್ಲದ ದೋಷಗಳೂ ಇವೆ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಇಂಧನ ಒಂದು ಬದಿಗೆ ಸರಿದು ಮುಳ್ಳು ಬದಲಾಗುವುದು ಸಹಜ. ಟ್ಯಾಂಕಿನ ಆಕಾರ ಮೇಲೂ ಕೆಳಗೂ ಒಂದೇ ಸಮನಾಗಿ ಇರದ ಕಾರಣ ಮೊದಲ ಅರ್ಧ ನಿಧಾನವಾಗಿ, ಉಳಿದರ್ಧ ಬೇಗ ಇಳಿಯುವುದೂ ಸಹಜ. ಕುಲುಕಾಟಕ್ಕೆ ಮುಳ್ಳು ಅಲುಗಾಡದಿರಲೆಂದು ಹೊಸ ವಾಹನಗಳಲ್ಲಿ ಅದನ್ನು ಬೇಕೆಂದೇ ನಿಧಾನಗೊಳಿಸಿರುತ್ತಾರೆ. ಇವನ್ನು ಅರಿಯದ ಮಾಲೀಕರು ಸರಿಯಾಗಿರುವ ವಾಹನವನ್ನೇ ಗ್ಯಾರೇಜಿಗೆ ಕಳುಹಿಸಿ ಹಣ ತೆರುತ್ತಾರೆ.

ಅಗ್ಗದಿಂದ ದುಬಾರಿಯತ್ತ

ಪರೀಕ್ಷೆಯ ಕ್ರಮ ಹೊರಗಿನಿಂದ ಒಳಕ್ಕೆ, ಅಗ್ಗದಿಂದ ದುಬಾರಿಯತ್ತ ಸಾಗಬೇಕು. ಮೊದಲು ಫ್ಯೂಸ್, ನಂತರ ಕನೆಕ್ಟರ್, ನಂತರ ಅರ್ಥಿಂಗ್, ನಂತರ ತಂತಿ. ಟ್ಯಾಂಕ್ ಬಿಚ್ಚುವುದು ಕಟ್ಟಕಡೆಗೆ. ಅನೇಕ ವಾಹನಗಳಲ್ಲಿ, ಮುಖ್ಯವಾಗಿ ಪೆಟ್ರೋಲ್ ವಾಹನಗಳಲ್ಲಿ, ಸಂವೇದಕ ಇಂಧನ ಪಂಪಿನೊಡನೆ ಒಂದೇ ಘಟಕವಾಗಿ ಬರುತ್ತದೆ. "ಸೆನ್ಸರ್ ಹೋಗಿದೆ" ಎಂಬ ಒಂದು ಮಾತಿಗೆ ಇಡೀ ಘಟಕವೇ ಬದಲಾಗಿ, ಬಿಲ್ಲು ಹಲವು ಪಟ್ಟು ಏರುತ್ತದೆ. ಹೊಸ ಘಟಕ ಹಾಕುವಾಗ ಕನೆಕ್ಟರ್ ಅಲುಗಾಡಿ ಸಂಪರ್ಕ ತಾನಾಗಿ ಸರಿಹೋದರೆ ಹಳೆಯದು ನಿಜಕ್ಕೂ ಕೆಟ್ಟಿತ್ತೇ ಎಂಬುದು ಯಾರಿಗೂ ತಿಳಿಯದೆ ಉಳಿಯುತ್ತದೆ.

ಟ್ಯಾಂಕಿನ ಬಳಿಯ ಕನೆಕ್ಟರ್ ಬಿಡಿಸಿ ಯೂನಿಟ್ಟಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದು, ತಯಾರಕರ ಕೈಪಿಡಿಯ ಅಂಕಿಯೊಡನೆ ಹೋಲಿಸುವುದು ನಿರ್ಣಾಯಕ ಪರೀಕ್ಷೆ. ಅಂಕಿ ಸರಿಯಿದ್ದರೆ ಯೂನಿಟ್ ನಿರ್ದೋಷಿ. ದೋಷ ತಂತಿಯಲ್ಲೋ ಮೀಟರಿನಲ್ಲೋ ಇದೆ. ಹೊರತೆಗೆದ ಯೂನಿಟ್ಟಿನ ಕಡ್ಡಿಯನ್ನು ಕೈಯಿಂದ ನಿಧಾನವಾಗಿ ಎತ್ತಿ ಇಳಿಸಿದಾಗ ಅಂಕಿ ಜಿಗಿಯದೆ ಸರಾಗವಾಗಿ ಬದಲಾಗಬೇಕು. ಹಳೆಯ ಕಾಲದ ಮೆಕ್ಯಾನಿಕರು ತಂತಿಯನ್ನು ನೇರವಾಗಿ ಬಾಡಿಗೆ ಮುಟ್ಟಿಸಿ ಮುಳ್ಳು ಓಡುವುದೇ ಎಂದು ನೋಡುತ್ತಿದ್ದರು. ಎಲೆಕ್ಟ್ರಾನಿಕ್ ಮೀಟರ್ ಬೋರ್ಡಿನ ಹೊಸ ವಾಹನಗಳಲ್ಲಿ ಆ ರೂಢಿಯನ್ನು ಬಿಡುವುದು ಕ್ಷೇಮ. ಟ್ಯಾಂಕ್ ತೆರೆಯುವ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಗಾಳಿಯಾಡುವ ಜಾಗದಲ್ಲಿ, ವೆಲ್ಡಿಂಗ್ ಕೆಲಸದಿಂದ ದೂರದಲ್ಲಿ ಕೆಲಸ ನಡೆಯಬೇಕು.

2020ರ ಏಪ್ರಿಲ್ 1ರಂದು ಬಿಎಸ್-6 ಮಾನಕಗಳು ದೇಶಾದ್ಯಂತ ಜಾರಿಗೆ ಬಂದ ಮೇಲೆ, ವಾಹನಕ್ಕೆ ಸ್ಕ್ಯಾನರ್ ಜೋಡಿಸಿ ದೋಷ ಸಂಕೇತ ಓದುವುದು ಸಣ್ಣ ಗ್ಯಾರೇಜುಗಳಿಗೂ ರೂಢಿಯಾಗಿದೆ. ಇಂಧನ ಮಟ್ಟದ ಸಂವೇದಕಕ್ಕೆ ಸಂಬಂಧಿಸಿದ ಸಂಕೇತಗಳು ಪಿ0460ರಿಂದ ಪಿ0464ರವರೆಗೆ ಇವೆ. ಪಿ0462 ಎಂದರೆ ಬರುವ ಸೂಚನೆ ಮಿತಿಗಿಂತ ಕಡಿಮೆ, ಪಿ0463 ಎಂದರೆ ಮಿತಿಗಿಂತ ಹೆಚ್ಚು, ಪಿ0464 ಎಂದರೆ ಬಿಟ್ಟುಬಿಟ್ಟು ಬರುತ್ತಿದೆ. ಇವು ಹೇಳುವುದು ಆ ವಿದ್ಯುತ್ ದಾರಿಯಲ್ಲಿ ತೊಂದರೆ ಇದೆ ಎಂದಷ್ಟೇ; ಯಾವ ಭಾಗ ಕೆಟ್ಟಿದೆ ಎಂದಲ್ಲ. ಸಂಕೇತ ಓದಿದ ಕೂಡಲೇ ಬಿಡಿಭಾಗದ ಪಟ್ಟಿ ಕೊಡುವ ಗ್ಯಾರೇಜಿಗೆ "ಓಮ್ ಎಷ್ಟು ಬಂತು?" ಎಂಬ ಒಂದು ಪ್ರಶ್ನೆ ಕೇಳುವ ಅಭ್ಯಾಸವನ್ನು ಮಾಲೀಕರು ಬೆಳೆಸಿಕೊಳ್ಳಬೇಕು.

ಪುಸ್ತಕದ ಸಾಕ್ಷ್ಯ

ವ್ಯಾಪಾರಿಗೆ ಚಿರಪರಿಚಿತವಾದ ಸೂತ್ರವೊಂದಿದೆ: ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಅಂತಿಮ ದಾಸ್ತಾನನ್ನು ಕಳೆದರೆ ಬಳಕೆ ಸಿಗುತ್ತದೆ. ಡೀಸೆಲ್ಲಿಗೂ ಇದೇ ಸೂತ್ರ. ಖರೀದಿಗೆ ಬಿಲ್ಲಿದೆ. ದಾಸ್ತಾನಿಗೆ ಮಾತ್ರ ಮುಳ್ಳಿನ ಅಂದಾಜು. ಗೋದಾಮಿನ ಬಾಗಿಲಲ್ಲಿ ನಿಂತು ಕಣ್ಣಳತೆಯಲ್ಲಿ ಚೀಲಗಳನ್ನು ಲೆಕ್ಕ ಹಾಕಿ ಗುಮಾಸ್ತನನ್ನು ಕಳ್ಳನೆಂದು ಕರೆಯುವ ವರ್ತಕ ಯಾರೂ ಇಲ್ಲ. ವಾಹನದ ವಿಷಯದಲ್ಲಿ ಆಗುತ್ತಿರುವುದು ಅದೇ.

ಇದಕ್ಕೆ ಪರಿಹಾರ ಸುಲಭ. ಆರಂಭದಲ್ಲೂ ಅಂತ್ಯದಲ್ಲೂ ಟ್ಯಾಂಕನ್ನು ಪೂರ್ತಿ ತುಂಬಿಸಿದರೆ ಎರಡೂ ದಾಸ್ತಾನು ಸಮವಾಗಿ, ಲೆಕ್ಕದಿಂದ ಹೊರಬೀಳುತ್ತವೆ. ಎರಡನೆಯ ಬಾರಿ ಹಾಕಿಸಿದ ಲೀಟರುಗಳೇ ನಡುವಿನ ಬಳಕೆ. ಆದಷ್ಟು ಒಂದೇ ಬಂಕಿನಲ್ಲಿ, ಸಮತಟ್ಟು ಜಾಗದಲ್ಲಿ, ನಳಿಕೆ ತಾನಾಗಿ ಮೊದಲ ಬಾರಿ ನಿಲ್ಲುವವರೆಗೆ ಹಾಕಿಸಿ, ಓಡಿದ ಕಿಲೋಮೀಟರನ್ನು ಬಿಲ್ಲಿನ ಮೇಲೆಯೇ ಬರೆಸಬೇಕು.

ಒಂದು ಲೆಕ್ಕ ನೋಡಬಹುದು. 48,200 ಕಿ.ಮೀ.ಗೆ ಟ್ಯಾಂಕ್ ತುಂಬಿಸಿದ ವಾಹನ 48,680ಕ್ಕೆ 40 ಲೀಟರ್, 49,166ಕ್ಕೆ 41.5 ಲೀಟರ್, 49,660ಕ್ಕೆ 40.5 ಲೀಟರ್ ಹಿಡಿಯಿತು ಎಂದಿಟ್ಟುಕೊಳ್ಳೋಣ. ಬಿಡಿಬಿಡಿಯಾಗಿ ನೋಡಿದರೆ ಲೀಟರಿಗೆ 12, 11.7 ಮತ್ತು 12.2 ಕಿ.ಮೀ. ನಳಿಕೆ ಒಮ್ಮೆ ಬೇಗ, ಒಮ್ಮೆ ತಡವಾಗಿ ನಿಲ್ಲುವುದರಿಂದ ಇಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಒಟ್ಟು 1,460 ಕಿ.ಮೀ.ಗೆ 122 ಲೀಟರ್, ಅಂದರೆ ಲೀಟರಿಗೆ ಸುಮಾರು 12 ಕಿ.ಮೀ. ಅವಧಿ ಉದ್ದವಾದಷ್ಟೂ ತಪ್ಪಿನ ಪಾಲು ಕಡಿಮೆಯಾಗುತ್ತದೆ. ಮೂರು ನಾಲ್ಕು ತಿಂಗಳ ದಾಖಲೆಯನ್ನು ಯಾವ ಮುಳ್ಳೂ ಸುಳ್ಳು ಮಾಡಲಾರದು.

ಈಗ ತೀರ್ಮಾನ ಸುಲಭ. ಮುಳ್ಳು ಇಳಿದಿದೆ, ಸರಾಸರಿ ಇಳಿದಿಲ್ಲ ಎಂದಾದರೆ ದೋಷ ಮಾಪಕದ್ದು. ಸರಾಸರಿಯೇ ಇಳಿದಿದ್ದರೆ ಡೀಸೆಲ್ ನಿಜವಾಗಿಯೂ ಹೆಚ್ಚು ಖರ್ಚಾಗುತ್ತಿದೆ. ಆಗಲೂ ಸೋರಿಕೆ, ಇಂಜೆಕ್ಟರ್, ಟೈರಿನ ಗಾಳಿ, ಹೆಚ್ಚಿದ ಹೊರೆ, ಬದಲಾದ ಮಾರ್ಗ ಇವೆಲ್ಲವನ್ನೂ ನೋಡಿದ ನಂತರವೇ ಕಳವಿನ ಮಾತು. ಬಿಲ್ಲಿನಲ್ಲಿ ಹೆಚ್ಚು ಲೀಟರ್ ಬರೆಸಿ ಕಡಿಮೆ ಹಾಕಿಸುವ ಮೋಸವೂ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ, ಏಕೆಂದರೆ ಕಾಗದದ ಲೀಟರಿಗೆ ವಾಹನ ಓಡುವುದಿಲ್ಲ. ಡೀಸೆಲ್ ಕಳವು ನಡೆಯುವುದೇ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಕೆಟ್ಟ ಮುಳ್ಳು ಪ್ರಾಮಾಣಿಕನನ್ನು ಸಿಕ್ಕಿಸುವಷ್ಟೇ ಸುಲಭವಾಗಿ ಕಳ್ಳನನ್ನೂ ಪಾರುಮಾಡುತ್ತದೆ. "ಮುಳ್ಳೇ ಸರಿಯಿಲ್ಲ" ಎಂಬ ನೆಪ ಆತನಿಗೆ ಸದಾ ಸಿದ್ಧವಾಗಿರುತ್ತದೆ.

ಅಳತೆಯೂ ಸರಿಯಿರಬೇಕು

ಮುಳ್ಳನ್ನು ಬಿಟ್ಟು ಬೇರೆ ವಿಧಾನದಿಂದ ಅಳೆದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ ಎಂಬುದಕ್ಕೆ ವಿಮಾನಯಾನದ ಚರಿತ್ರೆಯಲ್ಲಿ ಪ್ರಸಿದ್ಧ ನಿದರ್ಶನವಿದೆ. 1983ರ ಜುಲೈ 23ರಂದು ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ ಹೊರಟಿದ್ದ ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ ಮಾಪಕ ಕೆಟ್ಟಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಕಡ್ಡಿಯಿಂದ ಅಳೆದು ಲೀಟರುಗಳನ್ನು ಸರಿಯಾಗಿಯೇ ಕಂಡುಕೊಂಡರು. ಬೇಕಿದ್ದದ್ದು 22,300 ಕಿಲೋಗ್ರಾಂ ಇಂಧನ. ಲೀಟರನ್ನು ಕಿಲೋಗ್ರಾಂಗೆ ಪರಿವರ್ತಿಸಲು ಸುಮಾರು 0.8ರಿಂದ ಗುಣಿಸಬೇಕಾದಲ್ಲಿ, ಪೌಂಡಿಗೆ ಸಲ್ಲುವ 1.77ರಿಂದ ಗುಣಿಸಿದರು. ಬೇಕಾದುದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ವಿಮಾನ ಹಾರಿತು. ಆಕಾಶದಲ್ಲೇ ಎರಡೂ ಎಂಜಿನ್‌ಗಳು ನಿಂತವು. ಪೈಲಟ್‌ಗಳು ಅದನ್ನು ಗಿಮ್ಲಿ ಎಂಬಲ್ಲಿನ ಹಳೆಯ ವಾಯುಪಡೆ ನೆಲೆಯಲ್ಲಿ ತೇಲಿಸಿ ಇಳಿಸಿದ್ದರಿಂದ ಅದರಲ್ಲಿದ್ದ 69 ಮಂದಿಯೂ ಬದುಕಿದರು. ಕೆಟ್ಟ ಮಾಪಕ ತಂದ ಅಪಾಯವನ್ನು ತಪ್ಪು ಲೆಕ್ಕ ಪೂರ್ಣಗೊಳಿಸಿತ್ತು.

ನೆಲದ ಮೇಲಿನ ವಾಹನಕ್ಕೂ ಈ ಪಾಠ ಅನ್ವಯಿಸುತ್ತದೆ. ಬಂಕಿನ ಅಳತೆಯಲ್ಲಿ ಸಂಶಯವಿದ್ದರೆ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆಯುಳ್ಳ 5 ಲೀಟರಿನ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸುವಂತೆ ಗ್ರಾಹಕರು ಕೇಳಬಹುದು. ತಯಾರಕರು ಹೇಳಿದ ಸಾಮರ್ಥ್ಯಕ್ಕಿಂತ ಟ್ಯಾಂಕ್ ಸ್ವಲ್ಪ ಹೆಚ್ಚು ಹಿಡಿಯುವುದುಂಟು. ಅಷ್ಟರಿಂದಲೇ ಬಿಲ್ಲು ಸುಳ್ಳೆಂದು ತೀರ್ಮಾನಿಸಬಾರದು. ಟ್ಯಾಂಕಿನಲ್ಲಿ ಕಡ್ಡಿಯಂಥ ಸಂವೇದಕ ಇಳಿಬಿಟ್ಟು, ಇಂಧನ ಇಳಿದ ಕೂಡಲೇ ಮೊಬೈಲಿಗೆ ಸಂದೇಶ ಕಳುಹಿಸುವ ಸಾಧನಗಳನ್ನು ಲಾರಿ ಮಾಲೀಕರು ಈಗ ಕೊಳ್ಳುತ್ತಿದ್ದಾರೆ. ಅವು ಉಪಯುಕ್ತವೇ. ಆದರೆ ಆಯಾ ಟ್ಯಾಂಕಿನ ಆಕಾರಕ್ಕೆ ಹೊಂದಿಸಿ ಅಳತೆ ಕೂಡಿಸದಿದ್ದರೆ ಅವೂ ತಪ್ಪುತ್ತವೆ. ವಿದ್ಯುತ್ ಧಾರಣೆಯ ತತ್ತ್ವದಲ್ಲಿ ನಡೆಯುವ ಕಡ್ಡಿಗಳು ಡೀಸೆಲ್ಲಿನಲ್ಲಿ ನೀರು ಸೇರಿದರೆ ದಾರಿ ತಪ್ಪುತ್ತವೆ. ಮೊಬೈಲಿಗೆ ಬಂದ ಸಂದೇಶವನ್ನೂ ಪುಸ್ತಕದೊಡನೆ ತಾಳೆ ನೋಡಲೇಬೇಕು.

ಸಂಬಳಕ್ಕೆ ಕೈ ಹಾಕುವ ಮುನ್ನ

ಮುಳ್ಳನ್ನು ನಂಬಿ ಸಂಬಳ ಮುರಿಯುವುದು ಅನ್ಯಾಯ ಮಾತ್ರವಲ್ಲ, ಕಾನೂನಿನ ಮುಂದೆ ನಿಲ್ಲದ ಕ್ರಮ. 1936ರ ವೇತನ ಪಾವತಿ ಕಾಯಿದೆಯ ಕಾಲದಿಂದಲೂ, 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲೂ ತತ್ತ್ವ ಒಂದೇ. ನೌಕರನ ವಶಕ್ಕೆ ಒಪ್ಪಿಸಿದ ವಸ್ತು ಆತನ ನಿರ್ಲಕ್ಷ್ಯದಿಂದಲೋ ತಪ್ಪಿನಿಂದಲೋ ನಷ್ಟವಾಗಿದ್ದರೆ ಮಾತ್ರ ಕಡಿತ ಸಾಧ್ಯ. ಕಡಿತ ನಷ್ಟದ ಮೊತ್ತವನ್ನು ಮೀರಬಾರದು. ಕಡಿತಕ್ಕೆ ಮುನ್ನ ಕಾರಣ ಹೇಳಿಕೊಳ್ಳಲು ಆತನಿಗೆ ಅವಕಾಶ ಕೊಡಬೇಕು. ನಷ್ಟವಾಗಿದೆ ಎಂಬುದೇ ಸಿದ್ಧವಾಗದಿದ್ದಲ್ಲಿ ಕಡಿತದ ಮಾತೆಲ್ಲಿಂದ ಬಂತು? ಸಿದ್ಧಪಡಿಸಲು ಬೇಕಾಗುವುದು ಬಿಲ್ಲು, ಕಿಲೋಮೀಟರ್ ದಾಖಲೆ, ಪರೀಕ್ಷೆಯ ಚೀಟಿ. ಮುಳ್ಳನ್ನು ಸಾಕ್ಷಿಕಟ್ಟೆಗೆ ಕರೆಯಲು ಬರುವುದಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ಈ ಎಚ್ಚರಿಕೆ ಅಗತ್ಯ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಡೀಸೆಲ್ಲನ್ನು ಅದರಿಂದ ಹೊರಗಿಡಲಾಯಿತು. ಕರ್ನಾಟಕದಲ್ಲಿ ಅದರ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ. 18.44ಕ್ಕೂ, 2025ರ ಏಪ್ರಿಲ್ 1ರಿಂದ ಶೇ. 21.17ಕ್ಕೂ ಏರಿಸಲಾಯಿತು. ಈ ತೆರಿಗೆಗೆ ಇನ್‌ಪುಟ್ ತೆರಿಗೆ ಜಮೆ ದೊರೆಯದ ಕಾರಣ ಡೀಸೆಲ್ ಪೂರ್ಣ ಬೆಲೆಯಲ್ಲಿ ಖರ್ಚಿಗೆ ಸೇರುತ್ತದೆ. ಆದರೆ ತೆರಿಗೆಗೆ ಒಳಪಟ್ಟ ವ್ಯವಹಾರದಲ್ಲಿ ಬಳಸುವ ಸರಕು ಸಾಗಣೆ ವಾಹನದ ದುರಸ್ತಿಗೂ ಬಿಡಿಭಾಗಕ್ಕೂ ತೆತ್ತ ಜಿಎಸ್‌ಟಿಗೆ, ಘಟಕದ ನೋಂದಣಿ ಸಂಖ್ಯೆಯುಳ್ಳ ಸರಿಯಾದ ಬಿಲ್ಲಿದ್ದರೆ, ಜಮೆ ದೊರೆಯುತ್ತದೆ. ಮಾಪಕ ಸರಿಪಡಿಸುವ ಖರ್ಚನ್ನು ಮುಂದೂಡಿ ಡೀಸೆಲ್ಲಿನ ಲೆಕ್ಕವನ್ನು ಕತ್ತಲಲ್ಲಿ ಇಡುವುದು ಉಳಿತಾಯವೆನಿಸದು.

ಆದ್ದರಿಂದ ಪ್ರತಿಯೊಂದು ವಾಹನಕ್ಕೂ ಒಂದು ಇಂಧನ ಪುಸ್ತಕ, ತಿಂಗಳಿಗೊಮ್ಮೆ ಸರಾಸರಿಯ ತಾಳೆ, ವರ್ಷಕ್ಕೊಮ್ಮೆ ಅರ್ಥಿಂಗ್ ಮತ್ತು ಕನೆಕ್ಟರ್‌ಗಳ ಸ್ವಚ್ಛತೆ ಇವಿಷ್ಟನ್ನು ಸಣ್ಣ ಘಟಕಗಳು ರೂಢಿಸಿಕೊಳ್ಳಬೇಕು. ಪುಸ್ತಕವನ್ನು ಚಾಲಕನೇ ಬರೆಯಲಿ, ಗುಮಾಸ್ತರು ತಾಳೆ ನೋಡಲಿ, ಮಾಲೀಕರು ಸಹಿ ಮಾಡಲಿ. ಅದು ಚಾಲಕನ ಮೇಲಿನ ಕಾವಲಾಗಿರುವಷ್ಟೇ ಆತನಿಗೆ ರಕ್ಷಣೆಯೂ ಆಗುತ್ತದೆ. ಹುಬ್ಬಳ್ಳಿಯ ಆ ಘಟಕದಲ್ಲಿ ಈಗ ಇಂಥ ಪುಸ್ತಕವಿದೆ. ಮುರಿದುಕೊಂಡಿದ್ದ ನಾಲ್ಕು ಸಾವಿರ ರೂಪಾಯಿಯನ್ನು ಹಳೆಯ ಚಾಲಕನ ಮನೆಗೆ ಕಳುಹಿಸಲಾಯಿತು. ಆತ ಹಣ ತೆಗೆದುಕೊಂಡ, ಕೆಲಸಕ್ಕೆ ಮರಳಲಿಲ್ಲ.